ಮಾಟುಂಗಲ್ಲಿ ಒಂದು ಬೆಡ್ರೂಮಿನ ಮನೆ ಮಾರ್ಲಿದ್ದು

ನಮ್ಮ ಕಡೆಲಿ ಮನೆ ಹೇಳಿರೆ ಬರೇ ಗೋಡೆ, ಮಾಡು ಅಲ್ಲ. ಜಾಲು ಬೇಕು, ಬಾವಿ ಬೇಕು, ಹಟ್ಟಿ ಬೇಕು, ಬೆಶಿನೀರ ಕೊಟ್ಟಗೆ ಬೇಕು, ಮೇಗೆ ಗುಡ್ಡೆ, ಕೆಳ ತೋಟ. ಆಸ್ತಿ ಪಾಲಪ್ಪಗಳೂ ಲೆಕ್ಕ ಇಪ್ಪದು ಜಾಗೆಗೆ, ಎಕ್ರೆಲಿ, ಸೆಂಟ್ಸಿಲಿ. ಮನೆ ಅದರ ಹಿಂದಂದ ಬಪ್ಪದು. ಮಣ್ಣು ನಿಂಗಳದ್ದಲ್ಲ, ಮಾಡು ನಿಂಗಳದ್ದಲ್ಲ, ನೆಡುಗಾಣ ಗಾಳಿ ಮಾಂತ್ರ ನಿಂಗಳದ್ದು, ಅದಕ್ಕೆ ಪೈಸೆ ಕೊಡಿ ಹೇಳಿರೆ ಎನ್ನ ಅಜ್ಜಿ ಬಾಯಿಗೆ ಸೆರಗು ಹಿಡುದು ನೆಗೆ ಮಾಡುಗು.

ಓ ಮೊನ್ನೆ ಚಿಕ್ಕಮ್ಮನ ಮಗಳು ನಮ್ಮ ಕುಟುಂಬದ ವಾಟ್ಸಾಪು ಗುಂಪಿಂಗೆ ಒಂದು ಜಾಹೀರಾತು ಹಾಕಿತ್ತು. ಬೊಂಬಾಯಿಲಿ ಚಿಕ್ಕಮ್ಮ ಇಪ್ಪ ಬಿಲ್ಡಿಂಗಿಲೇ ಇನ್ನೊಂದು ಮನೆ ಮಾರ್ಲಿದ್ದಡ. ಮಾಟುಂಗ ಪೂರ್ವ, ಒಂದು ಬೆಡ್ರೂಮು, ಒಂದು ಹಾಲು, ಒಂದು ಅಡಿಗೆಕೋಣೆ, ಮೂರನೇ ಮಾಳಿಗೆ, ಲಿಫ್ಟು ಇಲ್ಲೆ, ಸ್ಟೇಶನಿಂಗೆ ನೆಡದು ಐದು ನಿಮಿಷ, ಮಾರ್ಕೆಟು ಮೆಟ್ಲಿಳುದಪ್ಪಗ. ಕ್ರಯ ಕೋಟಿ ದಾಂಟಿತ್ತು. ಅತ್ತಿಗೆ ಒಂದು ಕೂಡ್ಲೆ ಬರದತ್ತು: "ಒಂದು ಬಾಳೆ ನೆಡ್ಲೆ ಜಾಗೆ ಇಲ್ಲೆ, ಒಂದು ಕೋಟಿ ಕೊಟ್ಟು ತೆಗವದು ಎಂತರ?"

ಕುಶಾಲಿಂಗೆ ಕೇಳಿದ್ದು. ಆದರೆ ಎನಗೆ ಆ ಪ್ರಶ್ನೆ ತಲೆಲಿ ಕೂದತ್ತು. ಅಪ್ಪನ್ನೆ, ತೆಗವದು ಎಂತರ? ಮಣ್ಣಿಲ್ಲದ್ದ ಮನೆಯ ಒಬ್ಬ ಇನ್ನೊಬ್ಬಂಗೆ ಮಾರ್ಲಕ್ಕು ಹೇಳಿ ಆರು ಕಂಡುಹಿಡುದ್ದು, ಯೇವಗ? ಎನಗೆ ಗೊಂತಿಪ್ಪದರ, ಓದಿದ್ದರ, ಚಿಕ್ಕಮ್ಮನ ಬಾಯಿಂದ ಕೇಳಿದ್ದರ ಒಟ್ಟು ಮಾಡಿ ಬರೆತ್ತೆ. ರಜ ಉದ್ದ ಆವ್ತು, ಮಧ್ಯಾಹ್ನ ಊಟ ಆದ ಮತ್ತೆ ಓದಿ.

ಬೊಂಬಾಯಿಯ ಈ ಸಣ್ಣ ಮನೆಗಳ ಕತೆ ಸುರು ಅಪ್ಪದು ಎಲಿಂದ. ಎಲಿ ಹೇಳಿರೆ ನಿಜವಾದ ಎಲಿಯೇ. 1896ರ ಸೆಪ್ಟೆಂಬರಿಲಿ ಬಂದರಿನ ಹತ್ರೆ, ಮಾಂಡ್ವಿ ಹೇಳ್ತ ಜಾಗೆಲಿ, ಡಾಕ್ಟರ್ ಅಕಾಶಿಯೊ ವಿಯೆಗಾಸ್ ಹೇಳುವವು ಒಂದು ಜ್ವರವ ನೋಡಿ ಇದು ಪ್ಲೇಗು ಹೇಳಿ ಗುರ್ತ ಹಿಡುದವು. ಮಾಂಡ್ವಿ ಧಾನ್ಯದ ಗೋದಾಮಿನ ಕೇರಿ. ಕೆಳ ಅಕ್ಕಿ ಗೋಧಿ ಗೋಣಿಗೊ, ಮೇಗೆ ಕೋಣೆ ಕೋಣೆಲಿ ಜೆನಂಗೊ, ಮಧ್ಯಲ್ಲಿ ಎಲಿಗೊ. ಜೆನಂಗೊ ಊರು ಬಿಟ್ಟು ಓಡಿದವು, ಮಿಲ್ಲುಗೊಕ್ಕೆ ಆಳುಗೊ ಇಲ್ಲದ್ದೆ ಆತು. ಸರಕಾರ ಹೆದರಿತ್ತು. 1898ರಲ್ಲಿ ಕಾನೂನು ಮಾಡಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹೇಳಿ ಒಂದರ ಕಟ್ಟಿದವು. ಅದರ ಕೆಲಸ ಎರಡು. ಗಾಳಿ ಬೆಣಚ್ಚಿ ಇಲ್ಲದ್ದ ಕೇರಿಗಳ ಕಡುದು ಅಗಲ ಮಾರ್ಗ ಮಾಡುದು ಒಂದು, ಊರಿನ ಬಡಗಂತಾಗಿ ಬೆಳೆಶುದು ಇನ್ನೊಂದು. ಕಡಿವ ಕೆಲಸ ಬೇಗ ಆತು, ಕಟ್ಟುವ ಕೆಲಸ ಮೆಲ್ಲಂಗೆ ಆತು. ಮನೆ ಹೋದ ಬಡವು ಪಕ್ಕದ ಕೇರಿಗೆ ಹೋಗಿ ಅಲ್ಲಿ ಇನ್ನೂ ಒತ್ತಿ ಕೂದವು. ಇದರ ಆರೂ ಹೆಚ್ಚು ಹೇಳ್ತವಿಲ್ಲೆ.

ಆ ಬಡಗಾಣ ಹೊಡೆಲಿ ಇಪ್ಪದೇ ದಾದರ್, ಮಾಟುಂಗ, ವಡಾಲಾ, ಸಯನ್. ಅಂಬಗ ಅಲ್ಲಿ ಗೆದ್ದೆ, ಜೌಗು, ಸಣ್ಣ ಸಣ್ಣ ಹಳ್ಳಿಗೊ. ಟ್ರಸ್ಟಿನವು ಕಾಗದಲ್ಲಿ ಮದಲು ಮಾರ್ಗ ಎಳದವು, ಒಂದು ದೊಡ್ಡ ವೃತ್ತ ಎಳದವು, ತೋಟಂಗೊಕ್ಕೆ ಜಾಗೆ ಬಿಟ್ಟವು, ಮತ್ತೆ ಪ್ಲಾಟು ಮಾಡಿದವು. ಆ ವೃತ್ತವೇ ಕಿಂಗ್ಸ್ ಸರ್ಕಲ್, ಈಗ ಅದರ ಮಧ್ಯಲ್ಲಿಪ್ಪ ತೋಟಕ್ಕೆ ಮಹೇಶ್ವರಿ ಉದ್ಯಾನ ಹೇಳ್ತವು. ಅಲ್ಲಿಂದ ರಜ ಆಚಿಗೆ ಹೋದರೆ ಫೈವ್ ಗಾರ್ಡನ್ಸ್. ಪ್ಲಾಟುಗಳ ಟ್ರಸ್ಟು ಮಾರಿದ್ದಿಲ್ಲೆ, ಉದ್ದಕಾಲದ ಲೀಸಿಂಗೆ ಕೊಟ್ಟತ್ತು, ಸುಮಾರು ಜಾಗೆಗೆ 99 ವರ್ಷದ್ದು. ನಮ್ಮ ದಕ್ಷಿಣ ಕನ್ನಡದ ಮೂಲಗೇಣಿಯ ಗ್ರೇಶಿಗೊಂಡರೆ ಅಂದಾಜಿ ಆವ್ತು: ಮಣ್ಣು ಒಬ್ಬಂದು, ಅದರ ಮೇಗಾಣ ಬದ್ಕು ಇನ್ನೊಬ್ಬಂದು. ಹಾಂಗಾಗಿ "ಮಣ್ಣಿಲ್ಲದ್ದ ಮನೆ" ಹೇಳುದು ನವಗೆ ಪೂರಾ ಹೊಸತಲ್ಲ ಅತ್ತಿಗೆ, ಅಜ್ಜನ ಕಾಲದ ಚೀಟುಗಳ ಬಿಡುಸಿ ನೋಡಿರೆ ಕಾಂಗು.

ಆ ಕಾಲಲ್ಲಿ ಬೊಂಬಾಯಿಯ ಕೆಲಸದವಕ್ಕೆ ಮನೆ ಹೇಳಿರೆ ಚಾಳು. ಒಂದು ಉದ್ದ ಜೆಗಿಲಿ, ಅದಕ್ಕೆ ಸಾಲಾಗಿ ಕೋಣೆಗೊ, ಕೋಣೆಗೊಂದು ಸಂಸಾರ. 1920ರ ನಂತ್ರ ಸರಕಾರವೇ ಬಿ.ಡಿ.ಡಿ. ಚಾಳುಗಳ ಕಟ್ಟಿತ್ತು. ವರ್ಲಿ, ನಾಯಗಾಂವ್, ಲೋವರ್ ಪರೇಲ್, ಶಿವ್ಡಿ ಎಲ್ಲ ಸೇರಿ 207 ಕಟ್ಟೋಣಂಗೊ. ಒಂದೊಂದು ಕೋಣೆ 160 ಚದರಡಿ. ನಮ್ಮ ಉಗ್ರಾಣ ಅದರಿಂದ ದೊಡ್ಡ ಇಕ್ಕು. ಅಡಿಗೆ, ಒರಕ್ಕು, ಬಾಳಂತನ, ನೆಂಟ್ರು, ಜ್ವರ, ಎಲ್ಲ ಅದರೊಳವೇ. ನೀರು, ಪಾಯಿಖಾನೆ ಮಾಂತ್ರ ಹೆರ, ಎಲ್ಲೋರಿಂಗೂ ಒಟ್ಟಿಂಗೆ.

ಇಲ್ಲಿ ಒಂದು ವಿಷಯವ ಗೆಂಡುಮಕ್ಕೊ ಬರವ ಚರಿತ್ರೆಲಿ ಬೇಗ ದಾಂಟಿ ಹೋವ್ತವು, ಆನು ನಿಲ್ಲುತ್ತೆ. ಚಾಳಿಂಗೂ ಫ್ಲೇಟಿಂಗೂ ಇಪ್ಪ ದೊಡ್ಡ ವ್ಯತ್ಯಾಸ ಕೋಣೆಗಳ ಲೆಕ್ಕ ಅಲ್ಲ, ಪಾಯಿಖಾನೆ. ಮನೆಯ ಬಾಗಿಲು ಹಾಕಿಗೊಂಡ ಮತ್ತೆ ಅದು ಒಳ ಇದ್ದೊ, ಹೆರ ಇದ್ದೊ ಹೇಳುದು. ಮಡಿ ನೋಡುವ ಮನೆಯವಕ್ಕೆ ಸುರುವಿಂಗೆ ಅದು ಒಗ್ಗಿದ್ದಿಲ್ಲೆ. ಅಡಿಗೆ ಮಾಡುವ ಮಾಡಿನ ಅಡಿಲೇ ಪಾಯಿಖಾನೆಯೊ ಹೇಳಿ. ನಮ್ಮ ಊರಿಲಿಯೂ ಹಾಂಗೇ ಅಲ್ಲದೊ, ಎಷ್ಟೋ ಮನೆಗಳಲ್ಲಿ ಅದು ಜಾಲಿಂದ ಆಚಿಗೆ, ತೆಂಗಿನ ಮರದ ಹಿಂದೆ ಇದ್ದದು ಮನೆಯೊಳಂಗೆ ಬಂದದು ಎನ್ನ ತಲೆಮಾರಿಲಿ. ಆದರೆ ನಡೂ ಇರುಳು ಲಾಟನು ಹಿಡ್ಕೊಂಡು ಸಾಲಿಲಿ ನಿಂಬಲೆ ಹೋಯೆಕ್ಕಾದ ಹೆಮ್ಮಕ್ಕಳ ಹತ್ರೆ ಕೇಳಿದ್ದರೆ ಅವು ಮೈಲಿಗೆಯ ಮಾತು ತೆಗೆತ್ತಿತ್ತವಿಲ್ಲೆ. ಮಾಟುಂಗದ ಕಟ್ಟೋಣಂಗಳಲ್ಲಿ ಅದು ಒಳ ಬಂತು. ಒಂದು ಅಡಿಗೆಕೋಣೆ, ಒಂದು ಮೀವ ಕೋಣೆ, ಒಂದು ಪಾಯಿಖಾನೆ, ಒಂದು ಮುಖ್ಯ ಬಾಗಿಲು, ಆ ಬಾಗಿಲಿಂಗೆ ನಮ್ಮದೇ ಬೀಗ. ಈಗಾಣ ಜಾಹೀರಾತಿಲಿ ಕಾಂಬ "ಒಂದು ಬೆಡ್ರೂಮು" ಹುಟ್ಟಿದ್ದು ಹೀಂಗೆ.

ಕಟ್ಟುದು ಸಿಮೆಂಟು-ಕಬ್ಬಿಣಲ್ಲಿ ಆದ ಕಾರಣ ಜಾಲುಸೀಟು ಉರುಟುರುಟು ಮಾಡ್ಲೆ ಎಡಿಗಾತು. 1930ರ ಆಸುಪಾಸಿನ ಬಿಲ್ಡಿಂಗುಗಳ ಬಾಲ್ಕನಿ ನೋಡಿರೆ ಹಡಗಿನ ಮೂತಿಯ ಹಾಂಗೆ ಕಾಣ್ತು. ಚಿಕ್ಕಮ್ಮ ಅದರಲ್ಲಿ ಹಪ್ಪಳ ಒಣಗುಸುದು.

ಇನ್ನು ಜೆನಂಗೊ. ನಮ್ಮ ಕರಾವಳಿಯವು ಬೊಂಬಾಯಿಗೆ ಹೋಪಲೆ ಸುರು ಮಾಡಿದ್ದು ಹೋಟ್ಲಿಂಗೆ ಹೇಳಿ ಎಲ್ಲೋರೂ ಗ್ರೇಶುತ್ತವು. ಅದಕ್ಕೂ ಮದಲು ಆಪೀಸಿಂಗೆ ಹೋದವು ಇದ್ದವು. ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರ ವರೆಗೆ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತ್ತಿದ್ದು. (ನಮ್ಮ ದಕ್ಷಿಣ ಕನ್ನಡ ಮದ್ರಾಸಿಂಗೆ.) ಹಾಂಗಾಗಿ ಕಾರವಾರ, ಕುಮಟಾ, ಹೊನ್ನಾವರ, ಭಟ್ಕಳದವಕ್ಕೆ ಬೊಂಬಾಯಿಯೇ ರಾಜಧಾನಿ. ಶಾಲೆ ಕಲ್ತವು ಅಲ್ಲಿಗೆ ಹೋದವು, ಆಪೀಸಿಲಿ ಕ್ಲಾರ್ಕು ಆದವು, ಬಾಡಿಗೆ ಕೋಣೆಲಿ ಒತ್ತಿ ಕೂದವು.

ಅವರಲ್ಲಿ ಚಿತ್ರಾಪುರ ಸಾರಸ್ವತರ ಒಬ್ಬ ಶ್ರೀಪಾದ ಸುಬ್ರಾವ್ ತಲ್ಮಕಿ, ಮತ್ತೆ ರಾವ್ ಬಹಾದ್ದೂರ್ ತಲ್ಮಕಿ ಹೇಳಿ ಹೆಸರಾದವು. ಮನೆಲಿ ಕೊಂಕಣಿ, ಊರಿಲಿ ಕನ್ನಡ. ಅವು 1906ರಲ್ಲಿ ತನ್ನವು ಪೈಸೆ ಒಟ್ಟು ಮಾಡಿ ಸಾಲ ತೆಕ್ಕೊಂಬಲೆ ಅಪ್ಪ ಹಾಂಗೆ ಒಂದು ಸಹಕಾರಿ ಬೇಂಕು ಸುರು ಮಾಡಿದವು, ಶಾಮರಾವ್ ವಿಠ್ಠಲ್ ಹೇಳುವವರ ಹೆಸರಿಲಿ. ಆ ಬೇಂಕು ಈಗಳೂ ಇದ್ದು. ಆ ಮತ್ತೆ ಅವಕ್ಕೆ ಕಂಡತ್ತು, ಪೈಸೆಯ ಹೀಂಗೆ ಒಟ್ಟು ಮಾಡ್ಲೆ ಎಡಿತ್ತಾದರೆ ಮನೆಯ ಎಂತಕೆ ಎಡಿಯ? ಒಬ್ಬ ಕ್ಲಾರ್ಕಿಂಗೆ ಬೊಂಬಾಯಿಲಿ ಜಾಗೆ ತೆಗದು ಮನೆ ಕಟ್ಲೆ ಏಳು ಜನ್ಮಲ್ಲಿ ಎಡಿಯ. ಹತ್ತಿಪ್ಪತ್ತು ಕ್ಲಾರ್ಕುಗೊ ಸೇರಿರೆ ಎಡಿಗು. 1915ರಲ್ಲಿ ಗಾಮದೇವಿಲಿ ಸಾರಸ್ವತ ಕೋ-ಆಪರೇಟಿವ್ ಹೌಸಿಂಗ್ ಸೊಸೈಟಿ ಆತು. ಅದಕ್ಕೆ ರಜ ಮದಲು, 1909ರಲ್ಲಿ, ಬೆಂಗ್ಳೂರಿಲಿ ಒಂದು ಮನೆಕಟ್ಟುವ ಸಹಕಾರ ಸಂಘ ಆಗಿತ್ತು, ಅದರ ದೇಶಲ್ಲೇ ಸುರುವಾಣದ್ದು ಹೇಳ್ತವು. ಆದರೆ ಬೆಂಗ್ಳೂರಿಲಿ ಒಬ್ಬೊಬ್ಬಂಗೆ ಸೈಟು, ಮನೆ ಹೇಳುವ ಯೋಚನೆಯೇ ಮತ್ತೆಯೂ ಮುಂದುವರುದತ್ತು. ಬೊಂಬಾಯಿಯ ಯೋಚನೆ ಬೇರೆ: ಒಂದು ಕಟ್ಟೋಣ, ಅದರ ಯೆಜಮಾನ ಸೊಸೈಟಿ, ಸೊಸೈಟಿಯ ಯೆಜಮಾನರು ಒಳ ಇಪ್ಪವೇ.

ಇದರ ರಜ ಬಿಡುಸಿ ಹೇಳ್ತೆ, ಎಂತಕೆ ಹೇಳಿರೆ ಅತ್ತಿಗೆಯ ಪ್ರಶ್ನೆಗೆ ಉತ್ತರ ಇಪ್ಪದು ಇಲ್ಲಿಯೇ. ನಿಂಗೊ ಸೊಸೈಟಿಯ ಶೇರು ತೆಕ್ಕೊಳ್ತಿ. ಶೇರು ಇಪ್ಪ ಕಾರಣ ನಿಂಗೊಗೆ ಒಂದು ಮನೆಲಿ ಇಪ್ಪ ಹಕ್ಕು ಸಿಕ್ಕುತ್ತು. ನಿಂಗಳ ಓಡುಸುಲೆ ಒಡೆಯ ಹೇಳಿ ಬೇರೆ ಆರೂ ಇಲ್ಲೆ. ಮೆಟ್ಲು, ತಾರಸಿ, ನೀರಿನ ಟೇಂಕಿ, ಗೇಟು, ಎಲ್ಲ ಎಲ್ಲೋರದ್ದು. ಬಾಡಿಗೆಯವನೂ ಆನೇ, ಒಡೆಯನೂ ಆನೇ ಹೇಳುವ ಹಾಂಗೆ. ಬೊಂಬಾಯಿಯ ಹೆಚ್ಚಿನ ಫ್ಲೇಟುಗಳ ಕಾಗದ ಇಂದಿಂಗೂ ಇದೇ ಅಚ್ಚಿಲಿ ಇಪ್ಪದು. ಕೂಡುಕುಟುಂಬಲ್ಲಿ ಅಣ್ಣತಮ್ಮಂದ್ರೇ ಒಂದು ಬಾವಿಗೆ ಜಗಳ ಮಾಡುವ ಕಾಲಲ್ಲಿ, ರಕ್ತಸಂಬಂಧ ಇಲ್ಲದ್ದ ಜೆನ ಒಂದು ಟೇಂಕಿಯ ನೀರಿನ ಹಂಚಿಗೊಂಬಲೆ ಕಾಗದ ಮಾಡಿಗೊಂಡವು ಹೇಳುದು ಎನಗೆ ಸಣ್ಣ ಸಂಗತಿ ಹೇಳಿ ಕಾಣ್ತಿಲ್ಲೆ. ಹೇಳಿರೆ ಅಲ್ಲಿ ಜಗಳ ಇಲ್ಲೆ ಹೇಳಿ ಅಲ್ಲ. ಚಿಕ್ಕಮ್ಮನ ಸೊಸೈಟಿಯ ಮೀಟಿಂಗಿನ ಕತೆ ಕೇಳಿರೆ ಯಕ್ಷಗಾನ ಬೇಡ.

ಮಾಟುಂಗಕ್ಕೆ ದಕ್ಷಿಣದವು ಗುಂಪುಗುಂಪಾಗಿ ಬಂದದು 1920ರ ಮತ್ತೆ. ಪಾಲಕ್ಕಾಡು, ತಂಜಾವೂರಿಂದ ಶಾರ್ಟ್‌ಹ್ಯಾಂಡು-ಟೈಪು ಕಲ್ತ ಮಾಣಿಯಂಗೊ, ಮೈಸೂರು ಸೀಮೆಂದ ಗುಮಾಸ್ತರು, ಉಡುಪಿ ಕಾರ್ಕಳ ಹೊಡೆಂದ ಹೋಟ್ಲಿನವು. ಮೈಸೂರು ಅಸೋಸಿಯೇಶನ್ ಅಲ್ಲಿ 1926ರಲ್ಲಿ ಆತು. ಕೆಫೆ ಮದ್ರಾಸು 1940ರದ್ದು. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗು 1942ರದ್ದು, ಸ್ಟೇಶನಿನ ಎದುರೇ, ಬಾಳೆಲೆ ಹಾಕಿ ಬಡುಸುದು. ಒಂದು ಊರಿಂಗೆ ಊಟ, ದೇವಸ್ಥಾನ, ಶಾಲೆ, ಸಂಗೀತ ಬಂದರೆ ಮತ್ತೆ ಬಾಕಿ ಎಲ್ಲ ಅದರ ಹಿಂದಂದ ಬತ್ತು: ಹೂಗು ಕಟ್ಟುವವು, ಬಾಳೆಲೆ ಮಾರುವವು, ಕಾಪಿಹೊಡಿ, ನೇಂದ್ರಬಾಳೆಕಾಯಿ ಚಿಪ್ಸು, ಪಂಚಾಂಗ. ಬೊಂಬಾಯಿಲಿ ಬೇರೆಲ್ಲಿಯೂ ಸಿಕ್ಕದ್ದ ಬೂದುಗುಂಬಳ, ಕರಿಬೇನ್ಸೊಪ್ಪು, ಸೌತೆಕಾಯಿ ಮಾಟುಂಗ ಮಾರ್ಕೆಟಿಲಿ ಸಿಕ್ಕುಗು ಹೇಳಿ ಚೆಂಬೂರಿಂದ, ಮುಲುಂಡಿಂದ ರೈಲು ಹತ್ತಿ ಬಕ್ಕು ಹೆಮ್ಮಕ್ಕೊ. ಆ ಚೀಲ ಹಿಡುದು ರೈಲು ಹತ್ತುವ ಕಷ್ಟ ಇಲ್ಲದ್ದೆ, ಮೆಟ್ಲಿಳುದರೆ ಸಿಕ್ಕುತ್ತನ್ನೆ, ಕೋಟಿಲಿ ಒಂದು ಪಾಲು ಅದಕ್ಕೂ ಇದ್ದು. ಪೇಟೆಲಿ ಜಾಗೆಯ ಕ್ರಯ ಹೇಳಿರೆ ಗೋಡೆಯ ಒಳ ಇಪ್ಪದಕ್ಕಲ್ಲ, ಹೆಚ್ಚಿಂದು ಗೋಡೆಯ ಹೆರ ಇಪ್ಪದಕ್ಕೆ.

ಮತ್ತೆ ಬಂದದು ಬಾಡಿಗೆಯ ಕಾನೂನು. ಯುದ್ಧದ ಸಮಯಲ್ಲಿ ಬಾಡಿಗೆ ಏರಿತ್ತು, 1947ರ ಬೊಂಬಾಯಿ ಬಾಡಿಗೆ ಕಾಯಿದೆ 1940ರ ಸೆಪ್ಟೆಂಬರು ಒಂದಕ್ಕೆ ಇದ್ದ ಬಾಡಿಗೆಯ ಅಲ್ಲಿಗೇ ಕಟ್ಟಿ ಹಾಕಿತ್ತು. ಬಾಡಿಗೆಗೆ ಇದ್ದವರ ಏಳುಸುಲೂ ಎಡಿಯ. ಇದ್ದವು ಬದ್ಕಿದವು. ಹೊಸತಾಗಿ ಬಂದವಕ್ಕೆ ಬಾಡಿಗೆ ಮನೆಯೇ ಇಲ್ಲೆ, ಎಂತಕೆ ಹೇಳಿರೆ ಆ ಬಾಡಿಗೆಗೆ ಆರು ಹೊಸತು ಕಟ್ಟಿ ಕೊಡುಗು? ಇದ್ದ ಮನೆಯ ಬಿಡೆಕ್ಕಾರೆ ಕೈಯಡಿಲಿ ದೊಡ್ಡ ಮೊತ್ತ ಕೊಡುವ ಕ್ರಮ ಬಂತು, ಪಗಡಿ ಹೇಳಿ. ಅದರ ಕಾನೂನಿನ ಒಳಂಗೆ ತಂದದು 1999ರ ಕಾಯಿದೆ. ಐವತ್ತು ವರ್ಷ ಊರಿಡೀ ಮಾಡಿಗೊಂಡಿದ್ದ ವ್ಯವಹಾರ ಅಷ್ಟು ಕಾಲ ಕಾಗದಲ್ಲಿ ಇತ್ತಿಲ್ಲೆ.

ಬಾಡಿಗೆಗೆ ಕಟ್ಟುವವು ಇಲ್ಲದ್ದೆ ಅಪ್ಪಗ ಮಾರ್ಲೆ ಕಟ್ಟುವವು ಬಂದವು. "ಓನರ್‌ಶಿಪ್ ಫ್ಲೇಟು" ಹೇಳುವ ಶಬ್ದ ಬಂದದು ಹಾಂಗೆ. ಕಟ್ಟುವವಂಗೆ ಪೈಸೆ ಮದಲೇ ಕೊಡೆಕ್ಕು, ಮನೆ ಮತ್ತೆ ಸಿಕ್ಕುಗು, ಸಿಕ್ಕಿರೆ. ಮೋಸವೂ ಸುಮಾರು ಆತು. ಅದಕ್ಕೆ 1963ರಲ್ಲಿ ಮಹಾರಾಷ್ಟ್ರ ಒಂದು ಕಾನೂನು ತಂತು: ಕರಾರು ಬರದು ನೋಂದಣಿ ಮಾಡೆಕ್ಕು, ಸೊಸೈಟಿ ಮಾಡಿ ಕಟ್ಟೋಣವ ಅದಕ್ಕೆ ಬಿಟ್ಟುಕೊಡೆಕ್ಕು ಹೇಳಿ. 1970ರಲ್ಲಿ ಇನ್ನೊಂದು ಕಾನೂನು, ಅದರಲ್ಲಿ ಸೊಸೈಟಿಗೆ ಬದಲು ಒಬ್ಬೊಬ್ಬಂಗೆ ಅವರವರ ಮನೆಯೇ ಸ್ವಂತ, ಅಡಿಯಾಣ ಮಣ್ಣಿಲಿ ಪಾಲು ಮಾಡ್ಲೆಡಿಯದ್ದ ಒಂದು ಪಾಲು. ಅಮೇರಿಕಲ್ಲಿಪ್ಪ ನಮ್ಮ ಮಕ್ಕೊ ಕಾಂಡೋ ಹೇಳ್ತವನ್ನೆ, ಆ ಕ್ರಮ. ನಮ್ಮ ಕರ್ನಾಟಕಕ್ಕೆ ಅದೇ ನಮೂನೆಯ ಕಾಯಿದೆ 1972ರಲ್ಲಿ ಬಂತು. ಬೊಂಬಾಯಿಯವು ಮಾಂತ್ರ ಹೆಚ್ಚಾಗಿ ತಲ್ಮಕಿಯವರ ಹಳೇ ಸೊಸೈಟಿಯ ಕ್ರಮವನ್ನೇ ಹಿಡ್ಕೊಂಡವು.

ಅಪ್ಪಚ್ಚಿ ಮನೆ ತೆಗದ್ದು 1979ರಲ್ಲಿ. ಬೇಂಕಿಲಿ ಗುಮಾಸ್ತ, ಊರಿನ ಪಾಲಿಂಗೆ ಬಂದ ಎರಡು ಎಕ್ರೆ ಅಡಕ್ಕೆ ತೋಟವ ಅಣ್ಣಂಗೆ ಬಿಟ್ಟುಕೊಟ್ಟು, ಆ ಪೈಸೆ, ಚಿಕ್ಕಮ್ಮನ ಬಳೆಗೊ, ಬೇಂಕಿನ ಸಾಲ. ಅಜ್ಜ ಎರಡು ವರ್ಷ ಮಾತಾಡಿದ್ದವಿಲ್ಲೆಡ. "ಫಲ ಕೊಡುವ ತೋಟ ಕೊಟ್ಟು ಗೂಡು ತೆಗದೆಯೊ" ಹೇಳಿ ಒಂದೇ ಮಾತು. ರಜೆಲಿ ಎಂಗೊ ಮಕ್ಕೊ ಹೋಪಗ ಆ ಗೂಡಿಲಿ ಒಂಬತ್ತು ಜೆನ ಒರಗಿದ್ದದು ಎನಗೆ ನೆಂಪಿದ್ದು. ಬೆಡ್ರೂಮಿಲಿ ಹೆಮ್ಮಕ್ಕೊ, ಹಾಲಿಲಿ ಗೆಂಡುಮಕ್ಕೊ, ಅಡಿಗೆಕೋಣೆಲಿ ಪರೀಕ್ಷೆಗೆ ಓದುವ ಆರಾದರೂ ಒಬ್ಬ. ಊರಿಂದ ಕೆಲಸ ಹುಡುಕ್ಕಿ ಬಂದ ಮಾಣಿಯಂಗೊ ಆ ಮನೆಂದಲೇ ಬೊಂಬಾಯಿ ಸುರು ಮಾಡಿದ್ದು. ಆಸ್ಪತ್ರೆಗೆ ಬಂದವು, ಪಾಸ್ಪೋರ್ಟಿಂಗೆ ಬಂದವು, ಷಣ್ಮುಖಾನಂದ ಸಭೆಗೆ ಸಂಗೀತ ಕೇಳ್ಲೆ ಬಂದವು. ಆ ಸಭಾಂಗಣ 1963ರದ್ದು, 1990ರಲ್ಲಿ ಕಿಚ್ಚು ಹಿಡುದು ಹೊತ್ತಿತ್ತು, ಪುನಾ ಕಟ್ಟಿ 1998ರಲ್ಲಿ ಬಾಗಿಲು ತೆಗದವು. ಅಷ್ಟು ವರ್ಷ ಸಂಗೀತ ಇಲ್ಲದ್ದೆ ಮಾಟುಂಗದ ಹೊತ್ತೋಪಗ ಸಪ್ಪೆ ಆಗಿತ್ತು ಹೇಳುಗು ಚಿಕ್ಕಮ್ಮ.

ಅಪ್ಪಚ್ಚಿಯ ಹತ್ರೆ ಇದ್ದ ಕಾಗದವ ಆನು ಕಣ್ಣಾರೆ ಕಂಡಿದೆ. ಶೇರು ಸರ್ಟಿಫಿಕೇಟು. ಐವತ್ತು ರೂಪಾಯಿಯ ಐದು ಶೇರು, ಒಟ್ಟು 250 ರೂಪಾಯಿ. ಹಳೇ ಸೊಸೈಟಿಗಳಲ್ಲಿ ಹೆಚ್ಚಾಗಿ ಅಷ್ಟೇ ಇಪ್ಪದು. ಕೋಟಿಯ ಮನೆಗೆ ಎರಡು ಸಾವಿರದ ಸೀರೆಯಷ್ಟೂ ಬೆಲೆ ಬರೆಯದ್ದ ಕಾಗದ! ಕರಾರುಪತ್ರ ಬೇರೆ ಇದ್ದು, ಅದು ನೋಂದಣಿ ಆಗಿರೆಕ್ಕು. ಆದರೆ ಸೊಸೈಟಿಯ ಒಳ ಮಾತಾಡ್ಲೆ, ಕೈ ಎತ್ಲೆ, ಲೆಕ್ಕ ಕೇಳ್ಲೆ ಬೇಕಪ್ಪದು ಆ 250 ರೂಪಾಯಿಯ ಕಾಗದ, ಅದರಲ್ಲಿಪ್ಪ ಹೆಸರು. ಚಿಕ್ಕಮ್ಮನ ಹೆಸರು ಅದರಲ್ಲಿ ಸುರುವಿಂದಲೇ ಇದ್ದು. ಅದು ಅಪ್ಪಚ್ಚಿಯ ದೊಡ್ಡತನ ಹೇಳಿ ಎಲ್ಲೋರೂ ಹೇಳ್ತವು. ಚಿಕ್ಕಮ್ಮ ಹೇಳುದು ಬೇರೆ: "ಎನ್ನ ಬಳೆಗಳ ಕೊಟ್ಟಪ್ಪಗಳೇ ಹೇಳಿದ್ದೆ, ಬಳೆ ಹೋದಲ್ಲಿ ಹೆಸರು ಬರೆಕ್ಕು ಹೇಳಿ."

ಈಗ ಮಾರ್ಲಿಪ್ಪ ಮನೆಲಿ ಹಾಂಗಲ್ಲ. ಅದು ಪಾಲಕ್ಕಾಡಿನ ಒಬ್ಬ ಮಾಮಿಯ ಮನೆ. ಮಾಮ ತೀರಿಹೋಗಿ ಐದಾರು ವರ್ಷ ಆತು. ಕಾಗದಲ್ಲಿ ಮಾಮನ ಹೆಸರು ಮಾಂತ್ರ, ನಾಮಿನೇಶನಿಲಿ ದೊಡ್ಡ ಮಗನ ಹೆಸರು. ಮಗ ಹೆರದೇಶಲ್ಲಿ. ಮಾಮಿಗೆ ಈಗ ಎಪ್ಪತ್ತೆಂಟು. ಮೂರು ಮಾಳಿಗೆ ಇಳಿವಲೆ ಎಡಿತ್ತಿಲ್ಲೆ, ಹಾಂಗಾಗಿ ಮಾರುದು ಸರಿಯೇ ಇಕ್ಕು. ಆದರೆ ಮಾರ್ಲಿದ್ದು ಹೇಳಿ ಮಾಮಿಗೆ ಗೊಂತಾದ್ದು ಬ್ರೋಕರು ಮನೆಯ ಪಟ ತೆಗವಲೆ ಬಂದಪ್ಪಗ. ನಲುವತ್ತು ವರ್ಷ ಒಲೆ ಹೊತ್ತುಸಿದ ಅಡಿಗೆಕೋಣೆಯ ಮೂಲೆಲಿ ನಿಂದೊಂಡು, ಪಟಲ್ಲಿ ಬಾರದ್ದ ಹಾಂಗೆ ಆಚಿಗೆ ಸರಿರಿ ಹೇಳುಸಿಗೊಂಡತ್ತು.

ಇಲ್ಲಿ ಒಂದು ಕಾನೂನಿನ ಮಾತು, ನಿಂಗೊ ಎಲ್ಲೋರೂ ಸರಿ ಓದಿಗೊಳ್ಳಿ. ನಾಮಿನಿ ಹೇಳಿರೆ ಒಡೆಯ ಅಲ್ಲ. ಸದಸ್ಯ ತೀರಿಹೋದಪ್ಪಗ ಸೊಸೈಟಿ ಆರ ಹತ್ರೆ ವ್ಯವಹಾರ ಮಾಡೆಕ್ಕು ಹೇಳುದಕ್ಕೆ ಬರದ ಹೆಸರು ಅದು. ಮನೆ ಆರದ್ದು ಹೇಳುದರ ತೀರ್ಮಾನ ಮಾಡುದು ಉಯಿಲು. ಉಯಿಲು ಇಲ್ಲದ್ದರೆ ನಮ್ಮವಕ್ಕೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ. ಅದರ ಪ್ರಕಾರ ಗೆಂಡ ಸ್ವಂತ ಮಾಡಿದ ಆಸ್ತಿಲಿ ಹೆಂಡತ್ತಿಗೆ, ಮಗಂಗೆ, ಮಗಳಿಂಗೆ ಒಂದೇ ಸಮ ಪಾಲು, ಗೆಂಡನ ಅಬ್ಬೆ ಇದ್ದರೆ ಅವಕ್ಕೂ. ಮಾಮಿಗೆ ಎರಡು ಮಾಣಿಯಂಗೊ, ಒಂದು ಕೂಸು. ಹೇಳಿರೆ ನಾಲ್ಕು ಪಾಲಿಲಿ ಒಂದು ಮಾಮಿದು, ಒಂದು ಮಗಳದ್ದು. ಅವರ ಸಹಿ ಇಲ್ಲದ್ದೆ ಸರಿಯಾಗಿ ಕಾಗದ ನೋಡ್ಸುವ ಆರೂ ಆ ಮನೆಯ ತೆಗೆಯವು. ಬೇಂಕು ಸಾಲವೂ ಕೊಡ. ಇದರ ಮಾಮಿಗೆ ಹೇಳಿದ್ದು ಚಿಕ್ಕಮ್ಮ. ಹೇಳುದೋ ಬೇಡದೋ, ಆಚಮನೆಯ ಸಂಸಾರದ ಒಳಂಗೆ ಕೈ ಹಾಕಿದ ಹಾಂಗಾವ್ತೊ ಹೇಳಿ ಎರಡು ದಿನ ಮಂಡೆಬೆಶಿ ಮಾಡಿಗೊಂಡತ್ತು, ಮತ್ತೆ ಒಂದು ಕುಪ್ಪಿ ನಿಂಬೆಹುಳಿ ಉಪ್ಪಿನಕಾಯಿ ಹಿಡ್ಕೊಂಡು ಹೋಗಿ ಹೇಳಿಯೇ ಬಿಟ್ಟತ್ತು.

ಮಾಮಿ ಜಗಳ ಮಾಡಿದ್ದಿಲ್ಲೆ. ಮಗಂಗೆ ಫೋನು ಮಾಡಿ, ಸಹಿ ಹಾಕ್ತೆ, ಆದರೆ ಮದಲು ಇದೇ ಮಾಟುಂಗಲ್ಲಿ ಲಿಫ್ಟಿಪ್ಪ ಕಟ್ಟೋಣಲ್ಲಿ ಎನಗೊಂದು ಸಣ್ಣದು ಬೇಕು, ಎನ್ನ ಹೆಸರಿಲಿ, ಹೇಳಿತ್ತಡ. ಮಗ ಎಂತ ಹೇಳಿದ ಹೇಳಿ ಇನ್ನೂ ಸುದ್ದಿ ಬಯಿಂದಿಲ್ಲೆ. ಜಾಹೀರಾತು ಹಾಂಗೇ ಇದ್ದು.

ಇದೇ ಮಾಟುಂಗ ಎಂತಕೆ, ಮಗನ ಹತ್ರೆ ಹೋಪಲಾಗದೊ ಹೇಳಿ ಕೆಲವು ಜೆನ ಕೇಳಿದವು. ಅಲ್ಲಿ ಅದಕ್ಕೆ ಹೂಗಿನವ° ಗೊಂತಿದ್ದು, ಮದ್ದಿನಂಗಡಿಯವ° ಗೊಂತಿದ್ದು, ಸೊಪ್ಪು ತಪ್ಪವ° ಕೆಳಂದ ದಿನಿಗೇಳ್ತ, ಹೆಡಗೆ ಇಳುಶಿರೆ ಸಾಕು. ಕಿಂಗ್ಸ್ ಸರ್ಕಲಿನ ಹತ್ರೆ ಮೇಲ್ಸೇತುವೆಯ ಅಡಿಲಿ ಕಸ, ಕಾರು ತುಂಬುಗು ಹೇಳಿ ಅಲ್ಯಾಣ ಜೆನ ಹಟ ಹಿಡುದು ತೋಟ ಮಾಡ್ಸಿದವು, 2016ರಲ್ಲಿ ಅದು ಸುರು ಆತು. ನರ್ಮದಾ ನದಿ ಹರಿವ ನಮೂನೆಲಿ ತಿರ್ಗಿ ತಿರ್ಗಿ ಹೋಪ ದಾರಿ ಮಾಡಿದ್ದವು, ಪ್ರಾಯದವು ಹೊತ್ತೋಪಗ ಅಲ್ಲಿ ನೆಡವದು. ಮಾಟುಂಗ ಸ್ಟೇಶನಿಲಿ 2017ರಿಂದ ಸ್ಟೇಶನ್ ಮಾಸ್ಟರಿಂದ ಹಿಡುದು ಟಿಕೇಟು ಕೊಡುವವು, ಪೋಲೀಸು, ಎಲ್ಲ ಹೆಮ್ಮಕ್ಕಳೇ, ದೇಶಲ್ಲೇ ಸುರುವಾಣದ್ದು ಹೇಳಿ ಲಿಮ್ಕಾ ದಾಖಲೆ ಪುಸ್ತಕಲ್ಲಿ ಬಂತು. ಎಪ್ಪತ್ತೆಂಟರಲ್ಲಿ ಇದರೆಲ್ಲ ಬಿಟ್ಟು ಹಿಮ ಬೀಳುವ ಊರಿಲಿ ಮಗನ ಮನೆಯ ಬೇಸ್ಮೆಂಟಿಲಿ ಕೂರೆಕ್ಕು ಹೇಳಿರೆ ಆನಾದರೂ ಒಪ್ಪೆ.

ಹಳೇ ಬಿಲ್ಡಿಂಗುಗೊಕ್ಕೆ ಈಗ ಇನ್ನೊಂದು ಗಾಳಿ ಬೀಸುತ್ತಾ ಇದ್ದು: ಪೂರಾ ಹೊಡಿ ಮಾಡಿ ಅದೇ ಜಾಗೆಲಿ ಎತ್ತರದ್ದು ಕಟ್ಟುದು. ಇದ್ದವಕ್ಕೆ ರಜ ದೊಡ್ಡ ಮನೆ ಬಿಟ್ಟಿಗೆ, ಮೇಗಾಣ ಮಾಳಿಗೆಗೊ ಬಿಲ್ಡರಿಂಗೆ. ಅದು ಬೇಕೋ ಬೇಡದೋ ಹೇಳಿ ತೀರ್ಮಾನ ಮಾಡುದು ಸೊಸೈಟಿಯ ಸಭೆ. ಕೈ ಎತ್ಲೆ ಎಡಿವದು ಸದಸ್ಯರಿಂಗೆ. ಮನೆಯ ಇಡೀ ದಿನ ಬಳಸುವವು ಹೆಮ್ಮಕ್ಕೊ, ಅಡಿಗೆಕೋಣೆ ಯೇವ ಹೊಡೆಂಗೆ, ಬಟ್ಟೆ ಒಣಗುಸುಲೆ ಎಲ್ಲಿ ಹೇಳಿ ಗೊಂತಿಪ್ಪವು ಅವು. ಕಾಗದಲ್ಲಿ ಹೆಸರಿಲ್ಲದ್ದರೆ ಆ ಸಭೆಲಿ ಅವಕ್ಕೆ ಚಾ ಹಂಚುವ ಕೆಲಸ.

ಹಾಂಗಾಗಿ ಅತ್ತಿಗೆ, ಕೋಟಿ ಕೊಟ್ಟು ತೆಗವದು ಗಾಳಿಯ ಅಲ್ಲ. ಒಳಾಣ ಪಾಯಿಖಾನೆ, ನಮ್ಮದೇ ಬೀಗ, ಮೆಟ್ಲಿಳುದರೆ ಸಿಕ್ಕುವ ಊರು, ಮತ್ತೆ ಕೈ ಎತ್ಲೆ ಒಂದು ಹೆಸರು. ಕಡೇದರ ಹೆಮ್ಮಕ್ಕೊ ಕೇಳಿಯೇ ತೆಕ್ಕೊಳ್ಳೆಕ್ಕಷ್ಟೆ, ಜಾಹೀರಾತಿಲಿ ಅದರ ಬರೆತ್ತವಿಲ್ಲೆ.

ನಮ್ಮಲ್ಲಿ ಬೆಂಗ್ಳೂರಿಲಿಯೂ ಮಂಗ್ಳೂರಿಲಿಯೂ ಮಕ್ಕೊಗೆ ಫ್ಲೇಟು ನೋಡುವವು ಸುಮಾರು ಜೆನ ಇದ್ದಿ. ಚದರಡಿ ಹೇಳುವಗ ಯೇವ ಚದರಡಿ ಹೇಳಿ ಕೇಳಿ. 2016ರ ರೇರಾ ಕಾಯಿದೆಲಿ ಕಾರ್ಪೆಟ್ ಏರಿಯಾ ಹೇಳಿರೆ ಒಳ ಕಾಲು ಮಡುಗುಲೆ ಸಿಕ್ಕುವ ನೆಲ, ಒಳಾಣ ಅಡ್ಡಗೋಡೆಗೊ ಸೇರಿ. ಹೆರಾಣ ಗೋಡೆಯ ದಪ್ಪ, ಬಾಲ್ಕನಿ ಸೇರ. ಸೂಪರ್ ಬಿಲ್ಟಪ್ ಹೇಳಿ ದೊಡ್ಡ ಲೆಕ್ಕ ಹೇಳಿರೆ ಅದರಲ್ಲಿ ಮೆಟ್ಲು, ಲಿಫ್ಟು ಎಲ್ಲ ನಿಂಗಳ ತಲಗೆ ಬಿದ್ದಿರ್ತು. ಚಾಪೆ ಹಾಸುಲೆ ಎಡಿವಲ್ಲಿಗೆ ಮಾಂತ್ರ ಪೈಸೆ.

ಮಹಾರಾಷ್ಟ್ರಲ್ಲಿ ತೆಗವವಕ್ಕೆ ಇನ್ನೊಂದು ವಿಷಯ. 2021ರ ಏಪ್ರಿಲಿಂದ ಹೆಮ್ಮಕ್ಕಳ ಹೆಸರಿಲಿ ಮನೆ ತೆಗದರೆ ಸ್ಟಾಂಪು ಡ್ಯೂಟಿಲಿ ಒಂದು ಪರ್ಸೆಂಟು ಬಿಡ್ತವು. ಕೋಟಿಯ ಮನೆಗೆ ಒಂದು ಲಕ್ಷ ಆತು, ಸಣ್ಣದಲ್ಲ. ಗೆಂಡನ ಹೆಸರನ್ನೂ ಒಟ್ಟಿಂಗೆ ಸೇರ್ಸಿರೆ ಅದು ಸಿಕ್ಕುತ್ತಿಲ್ಲೆ.